ಪಾಕೀಟಿನ ಮ್ಯಾಲಿನಾಕಿ

...ನಂಬಿ ಕೊಟ್ಟಿದ್ನೆಬೇ ಶಿವಗಂಗಕ್ಕಾ, ನಂಬಿ! ಘಟಪ್ರಭಾ ಠೇಸನ್ ಮುಂದ ಅಷ್ಟ ಅಂಗಡಿ ಅದಾವ, ರೊಟ್ಟಿ ಪಾಕೀಟ ಛಾಪಸಾಕ ಆ ಕೇದಾರಿ ಅಂಗಡೀನ ಯಾಕ ಹೊಕ್ಕಿದ್ನಿ ಹೇಳು? ನಮ್ಮೂರಾಂವಾ, ಕೊಣ್ಣೂರ ನೀರ ಕುಡದಾಂವಾ, ನಮ್ಮ ಕೆಲಸಾ ತನ್ನ ಕೆಲಸಾ ಅಂತ ಮಾಡ್ಯಾನು ಅಂತ. ಮಾಡಿದ ನೋಡು! ಎಂಥಾದ್ದ ಮಾಡಿದ! ...ಅಕ್ಕಾ, ಆ ಮರಾ ಒಂದೀಟ ಬಾಜೂ ಇಡಲಾ. ನಾ ಇಷ್ಟ ಒದರಾಕತ್ತೇನಿ, ನೀ ಜೋಳದಾಗಿನ ಹರಳ ಆರಸ್ಕೋತ ಕುಂತಿ.

ಆತು, ಆರಿಸು. ಕಿವಿ ಅಷ್ಟ ಈ ಕಡೆ ಕೊಡು.

ಕುಂದ್ರು ಅನ್ನಾಕೂ ಬಾಯಿಲ್ಲೇನ ಇವತ್ತ? ನಾನ ಕುಂದರ್ತೇನಿ ಬಿಡು. ಯಾವಾಗ ಬಂದ್ರೂ "ಬಾ ಚನ್ನೀ, ಛಾ ಇಡ್ತೇನಿ" ಅನ್ನಾಕಿ... ಇರಲಿ. ಸಿಟ್ಟ ಬಂದೈತಿ. ಬರಬೇಕಾದ್ದ! ಎಂಟ ದಿನಾ ಆತು ನೀ ನಮ್ಮ ಒಲಿ ಕಡೆ ಹಾಯ್ದಿಲ್ಲ. ಪಾಕೀಟ ಬಂದ ಮರದಿನದಿಂದನ ನಿಂತಿ. ನಾನೇನ ದಡ್ಡಿ ಏನ ತಿಳೀದಿರಾಕ? ರೊಟ್ಟಿ ಬಡಿಯಾಕಿ ನೀ, ಪಾಕೀಟಿನ ಮ್ಯಾಲ ನಿನ್ನ ಮಾರಿ ಬರ್ತೈತಿ ಅಂತ ಹೇಳಿ ಬ್ಯಾರೆ ಯಾರದೋ ಮಾರಿ ಬಂದ್ರ ಯಾರಿಗರೆ ಹೊಟ್ಟಿ ಉರಿಯೂದಿಲ್ಲ? ಬಾಜೂ ಮನಿ ಶೆಟ್ಟೆವ್ವನ ಕರಕೊಂಡು ಎಂಟ ದಿನಾ ಹೆಂಗೋ ದೂಡೇನಿ. ಅಕಿ ಕೈಯಾಗ ರೊಟ್ಟಿ ಅಂಚ ಸೀಳತಾವ. ಎತ್ತಿ ಹಂಚಿಗಿ ಹಾಕೂದ್ರಾಗ ಎರಡ ಹೋಳ ಆಗಿರ್ತಾವ.

ಆ ಫೋಟೋ ತಗದ ದಿನಾ ನನಗ ಇನ್ನಾ ಕಣ್ಣ ಮುಂದ ಐತಿ, ಖರೇನ. ಮಗಳ ಮದಿವ್ಯಾಗ ಉಟ್ಟಿದ್ದ ಹಸರ ಇಳಕಲ್ ಸೀರಿ ಉಟ್ಟಕೊಂಡ ಬಂದಿದ್ದಿ. ಒಲಿ ಮುಂದ ಕೂಡಾಕ ಅದ್ಯಾಕಬೇ, ಕಿಡಿ ಸಿಡದೀತು ಅಂದ್ನಿ. ನೀ ಕೇಳಲಿಲ್ಲ. "ಹುಕ್ಕೇರ್ಯಾಗ ನನ್ನ ತವರಮನಿ ಮಂದಿ ನೋಡ್ತಾರ ಚನ್ನೀ, ಹಳೇ ಸೀರ್ಯಾಗ ಕಾಣಬಾರ್ದು" ಅಂದಿ. ಕೇದಾರಿ "ಕಾಕಿ, ಇತ್ಲಾಗ ನೋಡ್ರಿ, ಒಂದೀಟ ನಗ್ರಿ" ಅಂತ ಬಡಕೊಂಡ. ನೀ ಎಲ್ಲಿ ನಗತಿ! ರೊಟ್ಟಿ ಹೊತ್ತೀತಂತ ಹಂಚಿನ ಕಡೇನ ನೋಡಿದಿ. ಚಲೋ ಬಂದಿತ್ತಕ್ಕಾ ಅದು. ಮೊಬೈಲದಾಗ ತೋರಿಸಿದಾ ನನಗ. ಉರಿ ಬೆಳಕ ಮಾರಿಗಿ ಹೊಡದು, ಒಂದ ಕೈ ರೊಟ್ಟಿ ಮ್ಯಾಲ, ಒಂದ ಕೈ ಅಂಚಿಗಿ... ಅದನ್ನ ಹಂಗ ಹಾಕಿದ್ರ ಮುಗೀತಿತ್ತು. ಹಂಗ ಹಾಕಬೇಕಿತ್ತು.

ಬಂದದ್ದೇನ? ತಗೋ, ನೋಡು, ಒಂದ ತಂದೇನಿ. ಅವತ್ತ ನೀ ಸರಿಯಾಗಿ ನೋಡಲೂ ಇಲ್ಲ. ಕೈಯಾಗ ಹಿಡದಿ, ತಿರುವಿದಿ, ಕೆಳಗ ಇಟ್ಟಿ, "ಚಲೋ ಐತಿ" ಅಂದಿ, ಎದ್ದ ಹೋದಿ. ನೋಡ ಇಕೀನ! ಗೋದಿ ಬಣ್ಣ. ತುಟಿಗಿ ಕೆಂಪ. ಕಿವ್ಯಾಗ ತೂಗಾಡೂ ಝುಮಕಿ. ಒಲಿ ಮುಂದ ಕುಂತ ಒಂದ ಹನಿ ಬೆವರಿಲ್ಲ ಇಕಿಗಿ! ಹಿಂದ ನೋಡು, ತೆಂಗಿನ ಗಿಡಾ, ಅದರ ಹಿಂದ ಬರ್ಫದ ಗುಡ್ಡಾ! ಕೊಣ್ಣೂರಾಗ ಎಲ್ಲೈತಿ ಬರ್ಫದ ಗುಡ್ಡಾ? ಕಬ್ಬಿನ ಹೊಲದಾಗ ಐತೇನ?

"ಯಾರೋ ಇಕಿ?" ಅಂದ್ನಿ ಅಂವಗ. "ಯಾರೂ ಅಲ್ಲಕ್ಕಾ, ಎಐ ಮಾಡಿದ್ದು" ಅಂದ. ಎಐ ಅಂದ್ರ? ಕಂಪ್ಯೂಟರ ತಾನ ಚಿತ್ರಾ ತಗೀತೈತಂತ. ನಾವು ಬಾಯಿಲೆ ಹೇಳಿದ್ರ ಸಾಕಂತ, ಹುಟ್ಟಿಸಿ ಕೊಡತೈತಂತ. "ಯಾವೂರಾಕಿ?" ಅಂದ್ನಿ. "ಯಾವೂರಾಕಿನೂ ಅಲ್ರಿ, ಇಂಥಾಕಿ ಈ ಭೂಮಿ ಮ್ಯಾಲ ಇಲ್ಲ" ಅಂದ! ಇಲ್ಲದಾಕಿನ ತಂದು ನಮ್ಮ ರೊಟ್ಟಿಗಿ ಕುಂದರ್ಸ್ಯಾನಲ್ಲಬೇ! ಜಗಳಾ ಮಾಡಾಕೂ ಅಕಿ ಮನಿ ಎಲ್ಲೈತಿ ಅಂತ ಹೋಗಬೇಕು?

...ನಕ್ಕಿ! ನಕ್ಕಿ ನೀ, ನಾ ನೋಡ್ನಿ! ಮುಚ್ಚಬ್ಯಾಡ. ಅಬ್ಬಾ, ಒಮ್ಮೆ ನಕ್ಕಿಯಲ್ಲ, ಅರ್ಧಾ ಜೀವ ಬಂತು ನನಗ.

ನಗು. ಆದ್ರ ಆಗಿದ್ದ ಆಟಲ್ಲಕ್ಕಾ. ಈ ಕೈ ನೋಡು. ಎಡಗೈ ಅಲ್ಲ, ಬಲಗೈ. ಏನ ಹಿಡದಾಳ ಹೇಳು? ಲಟ್ಟಣಿಗಿ! ಜ್ವಾಳದ ರೊಟ್ಟಿಗಿ ಲಟ್ಟಣಿಗಿ! ಕೆಳಗ ದಪ್ಪ ಅಕ್ಷರದಾಗ "ಕೈಲೆ ಬಡದ ಖಡಕ್ ರೊಟ್ಟಿ" ಅಂತ ಬರದೈತಿ, ಮ್ಯಾಲ ಇಕಿ ಹೋಳಿಗಿ ಲಟ್ಟಿಸಿದಂಗ ಲಟ್ಟಸಾಕತ್ತಾಳ. ಮೊನ್ನಿ ಹುಕ್ಕೇರಿ ಸಂತ್ಯಾಗ ಈ ಪಾಕೀಟ ಹರವಿ ಕುಂತ್ನಿ. ಮೊದಲ ಬಂದಾಕಿನ ಒಬ್ಬ ಮುದಿಕಿ. ಕಣ್ಣಿಗಿ ಹತ್ರ ಹಿಡದ ನೋಡಿದ್ಲು. ನೋಡಿ, ಬಾಜೂ ಇದ್ದ ಸೊಸಿಗಿ ತೋರಿಸಿದ್ಲು. ಇಬ್ಬರೂ ನಕ್ಕರು. "ಏನವ್ವಾ, ನಿಮ್ಮೂರಾಗ ಜ್ವಾಳದ ರೊಟ್ಟಿ ಲಟ್ಟಣಿಗೀಲೆ ಮಾಡ್ತಾರೇನು?" ಅಂದ್ಲು. ನನಗ ಅಲ್ಲೀ ಮಟಾ ಅದು ಕಂಡಿದ್ದೇ ಇಲ್ಲಕ್ಕಾ! ಆಣಿ ಮಾಡಿ ಹೇಳ್ತೇನಿ, ಕಂಡಿದ್ದೇ ಇಲ್ಲ. ಸಂತಿ ತುಂಬ ಸುದ್ದಿ ಹಬ್ಬಿತು. ಮಷೀನ್ ರೊಟ್ಟಿ ತಂದು ಕೈ ರೊಟ್ಟಿ ಅಂತ ಮಾರಾಕತ್ತಾಳ, ಮೈದಾ ಕಲಿಸ್ಯಾಳ, ನೋಡ್ರಿ ಅವರ ಪಾಕೀಟನ ಹೇಳ್ತೈತಿ ಅಂತ. ಕಾಯಂ ಗಿರಾಕಿ, ನಮ್ಮ ರೊಟ್ಟಿ ಇಲ್ಲಂದ್ರ ಉಣ್ಣಾಂಗಿಲ್ಲ ಅನ್ನಾವ್ರು, ಮುರದು ಮೂಸಿ ನೋಡಿ ಇಟ್ಟು ಹೋದ್ರು. ನನಗ ಕುಂತಲ್ಲೇ ಕಣ್ಣಾಗ ನೀರ ಬಂತು. ನೀ ನಿಲ್ಲೂ ಮೊದಲ ಬಡದಿಟ್ಟ ರೊಟ್ಟಿ ಅವು, ಜ್ವರಾ ಬಂದ್ರೂ ಬಿಡದ ಬಡದ ರೊಟ್ಟಿ. ಅವನ್ನ ಮಷೀನಿಂದು ಅಂದ್ರು.

ಹೇಳು ಈಗ, ನನಗ ದ್ರೋಹ ಆಗೇತೋ ಇಲ್ಲೋ? ಆ ಕೇದಾರಿ ನಿನ್ನ ಫೋಟೋ ಕಂಪ್ಯೂಟರಿಗಿ ಕೊಟ್ಟು, ನನಗ ಒಂದ ಮಾತ ಕೇಳದ, ಒಂದ ಸಲಾ ತೋರಸದ, ಛಾಪಿಸಿ ಮನಿಗಿ ತಂದ ಒಗದ. ನಾ ಮೊದಲ ನೋಡಿದ್ದಿದ್ರ ಲಟ್ಟಣಿಗಿ ಬಿಡ್ತಿದ್ನೇನು? ಇಷ್ಟ ವರ್ಷ ನಿನ್ನ ಜೋಡಿ ಹಂಚಿನ ಮುಂದ ಕುಂತಾಕಿ ನಾ. ನೋಡಿದ್ರ ಬಿಡ್ತಿದ್ನೇನು? ಇದ ಸಾಕ್ಷಿ ಅಲ್ಲೇನು? ...ಹೂಂ ಅನ್ನಲಾ.

ಹೋಗಲಿ. ಈಗ ಕೇಳು, ಬಂದ ಕೆಲಸಾ ಹೇಳ್ತೇನಿ. ಮೂಡಲಗಿ ಆಮ್ರಪಾಲಿ ಬಾಯಾರು ಗೊತ್ತಲಾ? ಪುಣೇದಾಗ ದುಡಿಯಾಕ ಹೋದ ನಮ್ಮ ಕಡೆ ಮಂದಿಗಿ ರೊಟ್ಟಿ, ಶೇಂಗಾ ಹಿಂಡಿ ಎಲ್ಲಾ ಕಳಸ್ತಾರ. ಅವರು ತಿಂಗಳಾ ನಮ್ಮ ರೊಟ್ಟಿನ ತಗೋತೀವಿ ಅಂದಿದ್ರು. ಈ ಪಾಕೀಟ ಸುದ್ದಿ ಅವರ ಕಿವಿಗೂ ಬಿತ್ತು. ಮುಂಜಾನಿ ಫೋನ್ ಮಾಡಿದ್ರು. "ಚನ್ನವ್ವಾ, ನನಗ ಪಾಕೀಟ ಬ್ಯಾಡ, ಮಾತ ಬ್ಯಾಡ. ನಾಲ್ಕ ಗಂಟೆಕ್ಕ ವಿಡಿಯೋ ಕಾಲ್ ಮಾಡ್ತೇನಿ. ರೊಟ್ಟಿ ಬಡಿಯೂದು ಕಣ್ಣಲೆ ನೋಡಬೇಕು. ಕೈ ಕಾಣಬೇಕು" ಅಂದ್ರು. ಶೆಟ್ಟೆವ್ವನ ಕುಂದರ್ಸಿದ್ರ ಅಕಿ ಅಂಚ ಸೀಳೂದು ನೋಡಿ ಫೋನ್ ಇಡ್ತಾರ. ನಾ ಬಡದೇನು, ಆದ್ರ ನಿನ್ನಂಗ ಎಲ್ಲಿ ಬರ್ತೈತಿ? ನೀ ಬರಬೇಕಕ್ಕಾ. ನೀ ಬಂದ್ರ ನಮ್ಮ ಒಲಿ ಉರೀತೈತಿ. ಬರಲಿಲ್ಲಂದ್ರ ಇವತ್ತಿಗೆ ಮುಗೀತು, ಹಂಚ ತಗದ ಅಟ್ಟಕ್ಕ ಇಡೂದ.

ಏಳು. ಇನ್ನಾ ಹದಿನೈದ ನಿಮಿಷ ಐತಿ. ಎಸರ ಇಟ್ಟ ಬಂದೇನಿ ಮನ್ಯಾಗ.

...ಏಳವಲ್ಲಿ.

ಇಷ್ಟ್ಯಾಕ ಬಿಗೀತಿ? ನಾ ಯಾರ ನಿನಗ? ಮದಿವಿ ಆಗಿ ಈ ಓಣಿಗಿ ಬಂದಾಗ ನನ್ನ ರೊಟ್ಟಿ ನೋಡಿ ನಮ್ಮ ಅತ್ತಿ ನಾಯಿಗಿ ಒಗದಿದ್ಲು. ಎಸರು ಎಷ್ಟ ಕಾದಿರಬೇಕು, ಹಿಟ್ಟ ಎಷ್ಟ ಹೊತ್ತ ನಾದಬೇಕು, ಅಂಗೈ ಎಲ್ಲಿ ಬೀಳಬೇಕು, ನೀನ ಕಲಿಸಿದಿ. ಒಂಬತ್ತ ವರ್ಷ ಆತು ಇಬ್ಬರೂ ಕೂಡಿ ಒಲಿ ಹಚ್ಚಿ. ನಾ ಎಂದರೆ ಬ್ಯಾರೆ ಮಾಡೇನೇನು? ನಿನ್ನ ಕೈ ಮ್ಯಾಲ ಬಿಳಿ ಕಲಿ ಎದ್ದಾಗ ಓಣ್ಯಾಗ ಏನೇನ ಅಂದ್ರು! ತೊನ್ನು ಬಂದೈತಿ, ಅಕಿ ಕೈಲೆ ಮಾಡಿದ್ದ ತಿನಬ್ಯಾಡ್ರಿ ಅಂದ್ರು. ಯಾರ ನಿಂತಿದ್ರು ನಿನ್ನ ಬಾಜೂ? ಚನ್ನಿ ನಿಂತಿದ್ಲು. ದವಾಖಾನಿಗಿ ಕರಕೊಂಡ ಹೋಗಿದ್ನಿ. "ಇದು ಒಬ್ಬರಿಂದ ಒಬ್ಬರಿಗಿ ಹತ್ತೂ ಬ್ಯಾನಿ ಅಲ್ಲ, ಬರೇ ಚರ್ಮದ ಬಣ್ಣಾ ಹೋಗೂದು" ಅಂತ ಡಾಕ್ಟರ ಬಾಯಿಲೆ ಹೇಳಿಸಿದ್ನಿ. ಬಂದು ನೀರಿನ ಟಾಕಿ ಮುಂದ ನಿಂತ ಎಲ್ಲಾರಿಗೂ ಕೇಳೂವಂಗ ಒದರಿದ್ನಿ. ಮೊದಲನೇ ರೊಟ್ಟಿ ಯಾವತ್ತೂ ನಾನ ಮುರದ ತಿಂತೇನಿ, ನಿನ್ನ ಅಂಗೈಯಾಗಿಂದನ ತಗೊಂಡು. ತಿಂತೇನೋ ಇಲ್ಲೋ? ಸುಳ್ಳಂದ್ರ ಹೇಳು.

ಹಾಂ, ಅದಕ್ಕ ತಲಿ ಅಲ್ಲಾಡಿಸಿದಿ. ಹೂಂ ಅಂದಿ. ಬಾ ಮತ್ತ, ಸೀರಿ ಬದ್ಲಿಸೂದು ಬ್ಯಾಡ, ಹಿಂಗ ಬಾ. ಬರೇ ಕೈ ಅಷ್ಟ ಕಾಣಬೇಕು ಅಂದಾರ ಅವರು...

ಅಕ್ಕಾ, ಒಂದ ಮಾತು. ಏನ ದೊಡ್ಡದಲ್ಲ. ಇವನ್ನ ಒಂದ ಜೋಡಿ ತಂದೇನಿ. ಔಷಧ ಅಂಗಡ್ಯಾಗ ಸಿಗತಾವ, ತೆಳ್ಳಗ ಅದಾವ, ನೋಡು. ಕೈಗವಸು. ಬಡಿಯಾಕ ಏನೂ ತೊಡಕಾಗಾಂಗಿಲ್ಲ. ಈಗ ದೊಡ್ಡ ದೊಡ್ಡ ಹೋಟೆಲ್ನಾಗ ಹಾಕ್ಕೊಳ್ಳದ ಅಡಗೀ ಮುಟ್ಟಾಂಗಿಲ್ಲಂತ. ಸ್ವಚ್ಛ ಕಾಣ್ತೈತಿ. ಆಮ್ರಪಾಲಿ ಬಾಯಾರ ಅಂದ್ರು... ಅಂದ್ರು ಅಂತಲ್ಲ, ಅವರು ಸ್ವಚ್ಛ ನೋಡ್ತಾರ ಅಂತ ನಾನ ವಿಚಾರ ಮಾಡಿ...

ಅದ್ಯಾಕ ಹಂಗ ನೋಡ್ತಿ?

ಹಿಟ್ಟ ಅಂಟತೈತಿ ಅಂತೀಯೇನ? ಅಂಟಿದ್ರ ಅಂಟಲಿ, ಒಂದ ನಾಕ ರೊಟ್ಟಿ. ಹಂಚಿನ ಕಾವಿಗಿ ಕರಗಿದ್ರ... ಹೌದು, ಕರಗಬಹುದು. ಸುಮ್ನ ಹಿಟ್ಟ ಬಡಿಯೂದಷ್ಟ ತೋರಸೂನು, ಹಂಚಿಗಿ ನಾ ಹಾಕ್ತೇನಿ. ಶಿವಗಂಗಕ್ಕಾ, ಏನರೆ ಅನ್ನಬೇ. ಹೀಂಗ ನೋಡಬ್ಯಾಡ. ಕೈಯಾಗ ಹಿಡದ ತಿರಿವ್ಯಾಡಿ ನೋಡಾಕತ್ತಿ, ಅದ್ರಾಗೇನ ಐತಿ ನೋಡೂದು, ಪ್ಲಾಸ್ಟಿಕ್ ಅದು.

...ಕೇದಾರಿ ಬಂದಿದ್ದನೇನು ಇಲ್ಲಿ?

ಖರೇ ಹೇಳು. ಬಂದಿದ್ದ. ಬಂದಾನ ಅಂವಾ, ಅದಕ್ಕ ನೀ ಎಂಟ ದಿನಾ ಬಂದಿಲ್ಲ, ಅದಕ್ಕ ಬಾಯಿ ಬಿಡವಲ್ಲಿ! ಏನ ಹೇಳಿದಾ? ಎಲ್ಲಾ ಚನ್ನವ್ವನ ಮಾಡಿಸಿದ್ದು ಅಂದನೇನು? ಅಂದಿರ್ತಾನ. ತನ್ನದೇನೂ ತಪ್ಪಿಲ್ಲ ಅಂತ ಕೈ ತೊಳಕೊಂಡಿರ್ತಾನ, ನನಗ ಗೊತ್ತಿಲ್ಲೇನು ಅಂವನ ಜಾಯಮಾನ! ನಾ ಹೇಳಿದ್ದ ಒಂದು, ಅಂವಾ ಮಾಡಿದ್ದ ಒಂದು. ನಾ ಕೈ ಅಷ್ಟ ಅಂದಿದ್ನಿ! ಬರೇ ಕೈ! "ಅಕ್ಕನ ಮಾರಿ ಹಂಗ ಇರಲೋ, ಕೈ ಮ್ಯಾಲಿನ ಬಿಳೇದಷ್ಟ ತಗಿ" ಅಂದಿದ್ನಿ. ಇಷ್ಟ ಅಂದದ್ದು. ಅಂವಾ ಒಂದ ಗುಂಡಿ ಒತ್ತಿದಾ, ಕಂಪ್ಯೂಟರ ಕೈ ಜೋಡಿ ಮಾರೀನೂ ತಗದ ಒಗೀತು. ಅದು ನನ್ನ ತಪ್ಪೇನು?

ಯಾಕ ಅಂದಿ ಅಂತ ಕೇಳು. ಕೇಳಬೇ! ನಾನ ಹೇಳ್ತೇನಿ. ಎರಡ ವರ್ಷದ ಹಿಂದ ಇಬ್ಬರೂ ಹುಕ್ಕೇರಿ ಸಂತಿಗಿ ಹೋಗಿದ್ವಿ, ನೆನಪೈತಿ? ನೀ ನೀರ ಕುಡದ ಬರ್ತೇನಿ ಅಂತ ಎದ್ದ ಹೋದಿ. ಹೋದ ಮ್ಯಾಲ ಒಬ್ಬಾಕಿ, ಆಗಿನ್ನಾ ನಿನ್ನ ಕೈಲೆ ರೊಟ್ಟಿ ಕಟ್ಟಿಸ್ಕೊಂಡಾಕಿ, ತಿರಿಗಿ ಬಂದು ಗಂಟ ನನ್ನ ಮುಂದ ಇಟ್ಲು. "ಬಡಿಯಾಕಿನೂ ಅಕಿನ ಏನು?" ಅಂದ್ಲು. ನಾ ಜಗಳಾ ಮಾಡ್ನಿ ಅಂತ ತಿಳದಿಯೇನು? ಓಣ್ಯಾಗ ಒದರಿದಂಗ ಅಲ್ಲೀ ಒದರಬೇಕಿತ್ತು. "ಅಲ್ಲಬೇ, ಅಕಿ ಸುಮ್ನ ಜೋಡಿಗಿ ಬಂದಾಳ, ಬಡಿಯಾವ್ರು ಬ್ಯಾರೇದವ್ರು" ಅಂದ್ನಿ. ಅಂದೇ ಬಿಟ್ನಿ. ಅಕಿ ಗಂಟ ತಗೊಂಡ ಹೋದ್ಲು. ಅವತ್ತಿಂದ ನಾ ನಿನ್ನ ಸಂತಿಗಿ ಕರಕೊಂಡ ಹೋಗಿಲ್ಲ. ಮೊಣಕಾಲ ಬ್ಯಾನಿ, ಬಸ್ಸಿನಾಗ ತ್ರಾಸ ಆಕ್ಕೈತಿ, ನೀ ಮನ್ಯಾಗ ಬಡಿ ಅಂದ್ನಿ. ನೀ "ಎಷ್ಟ ಕಾಳಜಿ ಮಾಡ್ತಿ ಚನ್ನೀ" ಅಂದಿ. ಆ ಮಾತ ಕೇಳಿ ರಾತ್ರಿ ನನಗ ಅನ್ನ ಇಳದಿಲ್ಲ.

ಹುಕ್ಕೇರಿ ನಿನ್ನ ತವರು. ನಾ ಅಲ್ಲೇ ನಿಂತು ನೀ ಬಡಿಯಾಕಿ ಅಲ್ಲ ಅಂದ್ನಿ.

ಫೋಟೋನೂ... ಹೇಳಿಬಿಡ್ತೇನಿ. ಅಂವಾ ತೋರಿಸಿದ್ದ ನನಗ. ಛಾಪಿಸೂ ಮೊದಲ ಮೊಬೈಲದಾಗ ಕಳಿಸಿದ್ದ. "ಅಕ್ಕಾ, ಮಾರಿ ಬದಲಿ ಆತು, ಮತ್ತ ಮಾಡ್ಲೇನು, ಕಾಕಿ ಬ್ಯಾಸರ ಮಾಡ್ಕೊಂಡಾರು" ಅಂತ ತಾನ ಕೇಳಿದಾ. ಅಂವನ ಬಾಯಾಗ ಆ ಮಾತ ಬಂತಕ್ಕಾ, ನನ್ನ ಬಾಯಾಗಲ್ಲ. ನಾ ನೋಡ್ನಿ. ಕೈ ಚೊಕ್ಕ ಅದಾವಿಲ್ಲೋ ಅಂತ ದೊಡ್ಡದ ಮಾಡಿ ನೋಡ್ನಿ. ಎಡಗೈ ನೋಡ್ನಿ, ಬಲಗೈ ನೋಡ್ನಿ, ಬೆರಳ ಸಂದಿ ಸೈತ ನೋಡ್ನಿ, ಎಲ್ಲೂ ಬಿಳಿ ಕಲಿ ಇದ್ದಿಲ್ಲ. ಆ ಕೈಯಾಗ ಲಟ್ಟಣಿಗಿ ಇದ್ದದ್ದ ನನ್ನ ಕಣ್ಣಿಗಿ ಬೀಳಲಿಲ್ಲ. ಬಿದ್ದೀತಾದ್ರೂ ಹೆಂಗ? ನಾ ನಿನ್ನ ಕಲಿ ಹುಡಕಾಕತ್ತಿದ್ನಿ. "ಆತು ಬಿಡು, ಹಿಂಗ ಇರಲಿ, ಚಲೋ ಕಾಣ್ತಾಳ, ಛಾಪಿಸು" ಅಂದ್ನಿ. ನಾನ ಅಂದೇನಿ.

ಇಷ್ಟ. ಮುಗೀತು. ಇದನ್ನ ಕೇದಾರಿ ಹೇಳ್ಯಾನ ನಿನಗ, ಈಗ ನಾನೂ ಹೇಳಿದ್ನಿ. ಈಗರೆ ಬೈ. ಸುಡು ಸುಡು ಬೈ, ಬೂದಿ ತೂರು, ಆದ್ರ ಒಲಿಗಿ ಬಾ.

...ಯಾಕ? ತಲಿ ಯಾಕ ಅಲ್ಲಾಡಸ್ತಿ? ಬರಾಂಗಿಲ್ಲ ಅಂತೀಯೋ... ಇಲ್ಲಾ ಅಂವಾ...

ಅಂವಾ ಬಂದೇ ಇಲ್ಲ?

ಮತ್ತ ಎಂಟ ದಿನಾ ಯಾಕ ನೀ... ಆ ಹಾಸಿಗಿ ಬಾಜೂ ಅದೇನ, ಗುಳಿಗಿ? ಜ್ವರಾ ಬಂದಿತ್ತೇನು ನಿನಗ? ಮೈ ಮುಟ್ಟಲೆ... ಯವ್ವಾ, ಇನ್ನಾ ಬೆಚ್ಚಗ ಐತಿ. ಗಂಟಲಾ ಹಿಡದೈತೇನು? ಅದಕ್ಕ ಮಾತ ಇಲ್ಲೇನು? ಒಂದ ಮಾತ ಹೇಳಿ ಕಳಸಬಾರದೇನಬೇ! ನಾ ಸಿಟ್ಟಿಲೆ ಕುಂತಾಳ ಅಂತ ಈ ಕಡೆ ಹಾಯಾಕೂ ಅಂಜಿ... ಎಂಟ ದಿನಾ ಜ್ವರದಾಗ ಒಬ್ಬಾಕಿನ ಬಿದ್ದಿ. ಆ ಮೂಲ್ಯಾಗ ಇದ್ದದ್ದು ನಮ್ಮ ಹಿಟ್ಟಿನ ಡಬ್ಬಿ ಅಲ್ಲೇನು? ಈ ಜೋಳಾ... ಈ ಜೋಳಾ ನಮ್ಮ ಒಲೀದೇನು? ನಾಳೆ ಬರಬೇಕಂತ ಹಸನ ಮಾಡಾಕತ್ತಿದ್ದಿಯೇನು ನೀ?

ಹಂಗಾರ ನಿನಗ ಗೊತ್ತೇ ಇದ್ದಿಲ್ಲ. ಕಂಪ್ಯೂಟರ ಮಾಡಿದ್ದು ಅಂತನ ತಿಳಕೊಂಡಿದ್ದಿ. ನಾ ಹೇಳಿದ ಮ್ಯಾಲನ... ಈಗನ ತಿಳೀತು ನಿನಗ.

ಫೋನ್. ಮೂಡಲಗಿದು. ನಾಲ್ಕ ಆಗೇತಿ. ಎತ್ತಾಂಗಿಲ್ಲ ನಾ, ಬಡ್ಕೊಳ್ಳಲಿ. ಪುಣೇ ಬ್ಯಾಡ, ಏನೂ ಬ್ಯಾಡ. ಈ ಕೈಗವಸ ತಗೋ, ಒಲಿಗಿ ಒಗದ ಬಿಡ್ತೇನಿ. ಒಂದ ಮಾತ ಆಡಕ್ಕಾ. ಗಂಟಲಾ ಹಿಡದಿದ್ರ ಬ್ಯಾಡ, ಕಣ್ಣಲೆ ಅನ್ನು. ಅಲ್ಲ... ಏನ ಮಾಡಾಕತ್ತಿ? ಅದ್ಯಾಕ? ಸೆರಗಿನಾಗ ಯಾಕ ಕೈ ಮುಚ್ಚಿದಿ? ಓಣಿ ಮಂದಿ ಮುಂದ ಮುಚ್ತಿದ್ದಿ, ಬಸ್ಸಿನಾಗ ಮುಚ್ತಿದ್ದಿ, ನನ್ನ ಮುಂದ ಎಂದೂ ಮುಚ್ಚಿದಾಕಿ ಅಲ್ಲ ನೀ. ಒಂಬತ್ತ ವರ್ಷದಾಗ ಒಂದ ದಿನಾ ಮುಚ್ಚಿದಾಕಿ ಅಲ್ಲ. ನನ್ನ ಮುಂದ ಬ್ಯಾಡಬೇ. ಬೈ, ಹೊಡಿ, ಮನ್ಯಾಗಿಂದ ಹೊರಗ ಹಾಕು, ಹೋಕ್ಕೇನಿ. ಕೈ ಅಷ್ಟ ಹೊರಗ ತಗಿ ಶಿವಗಂಗಕ್ಕಾ. ನಿನ್ನ ಕಾಲ ಬೀಳ್ತೇನಿ, ಕೈ ಹೊರಗ ತಗಿ.